ಹರಿವಿನ ಪಾಠ ಹೇಳಿದ ಮೇಷ್ಟ್ರು ಪ್ರೊ. ಸತೀಶ್ ಧವನ್

ಪ್ರೊ. ಸತೀಶ್ ಧವನ್ ಎಂದೊಡನೆ ನಮ್ಮ ಓದುಗರ ಕಣ್ಣ ಮುಂದೆ ಬರುವುದು ಶ್ರೀಹರಿಕೋಟಾದ ರಾಕೆಟ್ಟುಗಳು. ಇಸ್ರೋ ಸಂಸ್ಥೆಯನ್ನು 12 ವರ್ಷ ಮುನ್ನಡೆಸಿದವರು, ಉಡಾವಣಾ ಕೇಂದ್ರಕ್ಕೆ ತಮ್ಮ ಹೆಸರನ್ನೇ ಬಿಟ್ಟು ಹೋದವರು ಎಂಬುದು ಶಾಲಾ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಆ ಹುದ್ದೆ ಅವರನ್ನು ಹುಡುಕಿಕೊಂಡು ಬಂದಾಗ ಅವರಿಗೆ 52 ವರ್ಷ ತುಂಬುತ್ತಿತ್ತು. ಅದಕ್ಕೂ ಹಿಂದಿನ ಎರಡು ದಶಕ ಅವರು ಬೆಂಗಳೂರಿನಲ್ಲಿ ಮಾಡಿದ್ದು ಬೇರೆಯೇ ಕೆಲಸ. ಎಂಜಿನಿಯರಿಂಗ್ ಪದವಿ ಮುಗಿಸಿ ಬಂದ ಹುಡುಗರಿಗೆ ಗಾಳಿ ಮತ್ತು ನೀರು ಹೇಗೆ ಹರಿಯುತ್ತವೆ ಎಂಬುದನ್ನು ಬುಡದಿಂದ ಕಲಿಸುವ ಕೆಲಸ ಅದು. ಫ್ಲೂಯಿಡ್ ಮೆಕ್ಯಾನಿಕ್ಸ್ ಎಂದು ಕರೆಯಲಾಗುವ ಈ ಶಾಸ್ತ್ರದ ಸ್ನಾತಕೋತ್ತರ ಪಾಠ ಈ ದೇಶದಲ್ಲಿ ಗಟ್ಟಿಯಾಗಿ ಬೇರೂರಿದ ಕತೆಯನ್ನು ಧವನ್ ಅವರ ಜೀವನದಿಂದ ಬೇರ್ಪಡಿಸಿ ಹೇಳಲಾಗದು.

ಈ ಶಾಸ್ತ್ರ ವಿಮಾನದವರಿಗೆ ಮಾತ್ರ ಸೇರಿದ್ದೆಂದು ಭಾವಿಸಬೇಕಿಲ್ಲ. ಹೊಸಪೇಟೆಯ ಸುತ್ತಮುತ್ತಲಿನವರಿಗೆ ಅದರ ಅರ್ಧ ಪಾಠ ಹುಟ್ಟಿನಿಂದಲೇ ಗೊತ್ತು. ವಿಜಯನಗರದ ಕಾಲದ ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತಾ ಕಾಲುವೆಗಳ ದಂಡೆಯ ಮೇಲೆ ನಿಂತು ನೋಡಿದರೆ, ಕಲ್ಲುಕಟ್ಟಡದ ಪಕ್ಕದ ನೀರು ನಿಧಾನವಾಗಿಯೂ ನಡುವಿನ ನೀರು ಚುರುಕಾಗಿಯೂ ಸಾಗುವುದು ಕಾಣುತ್ತದೆ. ಹಂಪಿ-ಆನೆಗೊಂದಿ ನಡುವೆ ಹರಿಗೋಲು ನಡೆಸುವ ಅಂಬಿಗ ಹೊಳೆಗೆ ಎದುರಾಗಿ ಸಾಗಬೇಕಾದಾಗ ದಡಕ್ಕೆ ಅಂಟಿಕೊಂಡೇ ಹೋಗುತ್ತಾನೆ. ನಡುಹೊಳೆಯ ಸೆಳೆತ ದಡದಲ್ಲಿಲ್ಲ ಎಂಬುದು ಅವನಿಗೆ ತೋಳಿನ ಅನುಭವ. ಇನ್ನು 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನ ಲೆಕ್ಕ ಎಂಬುದು ಪುಸ್ತಕದ ಮಾತಲ್ಲ, ನಾಲ್ಕು ಜಿಲ್ಲೆಗಳ ಬೆಳೆಯ ಮಾತು ಎಂದು ಎಲ್ಲರಿಗೂ ಅರಿವಾಯಿತು. ರಭಸದಿಂದ ನುಗ್ಗುವ ನೀರಿನೊಳಗೆ ಉಕ್ಕಿನ ಹಲಗೆಗಳನ್ನು ಇಳಿಸುವಾಗ ಅವುಗಳ ಮೇಲೆ ಬೀಳುವ ಒತ್ತಡವೆಷ್ಟು, ಸೆಳೆತವೆಷ್ಟು ಎಂದು ಮೊದಲೇ ಹೇಳಬಲ್ಲವರು ಬೇಕಾಗಿದ್ದರು.

ಅಂಬಿಗನ ಅನುಭವಕ್ಕೂ ಎಂಜಿನಿಯರನ ಲೆಕ್ಕಕ್ಕೂ ನಡುವಿನ ಸೇತುವೆಯನ್ನು ಕಟ್ಟಿದ್ದು ಜರ್ಮನಿಯ ಲುಡ್ವಿಗ್ ಪ್ರಾಂಟಲ್. 1904ರಲ್ಲಿ ಅವರು ಮಂಡಿಸಿದ ವಿಚಾರ ತುಂಬಾ ಸರಳ. ಗಟ್ಟಿ ವಸ್ತುವಿನ ಮೈಗೆ ತಾಗಿದ ದ್ರವ ಅಥವಾ ಗಾಳಿ ಅಲ್ಲಿಯೇ ನಿಂತುಬಿಡುತ್ತದೆ. ಅಲ್ಲಿಂದ ಸ್ವಲ್ಪ ದೂರ ಸರಿದರೆ ಪೂರ್ಣ ವೇಗ ಪಡೆಯುತ್ತದೆ. ಈ ನಡುವಿನ ತೆಳುವಾದ ಅಂಚಿನ ಪದರದಲ್ಲೇ ಘರ್ಷಣೆಯ ಆಟವೆಲ್ಲ ನಡೆಯುತ್ತದೆ. ಬೌಂಡರಿ ಲೇಯರ್ ಎಂದು ಹೆಸರಾದ ಈ ಪದರವೇ ಸತೀಶ್ ಧವನ್ ಅವರ ಜೀವಮಾನದ ಅಧ್ಯಯನ ವಸ್ತು.

ಲಾಹೋರಿನಿಂದ ಪಸಡೀನಾಕ್ಕೆ

ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು, ಶ್ರೀನಗರದಲ್ಲಿ. ಮನೆತನದ ಮೂಲ ಇಂದಿನ ಪಾಕಿಸ್ತಾನದ ಡೇರಾ ಇಸ್ಮಾಯಿಲ್ ಖಾನ್. ತಂದೆ ಸರ್ಕಾರದ ಉನ್ನತ ಅಧಿಕಾರಿ. ದೇಶ ವಿಭಜನೆಯ ಹೊತ್ತಿನಲ್ಲಿ ನಿರಾಶ್ರಿತರ ಪುನರ್ವಸತಿಯ ಹೊಣೆ ಹೊತ್ತಿದ್ದವರು. ಮಗ ಓದಿದ್ದು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ. ಅವರು ಪಡೆದ ಪದವಿಗಳ ಪಟ್ಟಿ ಇಂದಿನ ವಿದ್ಯಾರ್ಥಿಗಳನ್ನು ಬೆರಗುಗೊಳಿಸುವಂಥದ್ದು. ಮೊದಲು ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಬಳಿಕ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದೂ ಸಾಲದೆಂಬಂತೆ 1945ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ. ಪಿಯುಸಿ ಮುಗಿದ ದಿನವೇ ಮಕ್ಕಳ ಬದುಕಿನ ದಾರಿಯನ್ನು ಗೆರೆ ಎಳೆದು ನಿಗದಿ ಮಾಡುವ ನಮ್ಮ ಕಾಲಕ್ಕೆ ಇಂಥ ಅಲೆದಾಟ ವ್ಯರ್ಥವೆನಿಸಬಹುದು. ಆದರೆ ಮುಂದೆ ಅವರು ಬರೆದ ಪ್ರಬಂಧಗಳ ಸ್ಪಷ್ಟತೆಯಲ್ಲಿ ಆ ಸಾಹಿತ್ಯದ ಓದು ಕಾಣುತ್ತದೆ. ಸಮೀಕರಣಗಳನ್ನು ಕಂಡು ಹೆದರದ ಅವರ ಧೈರ್ಯದಲ್ಲಿ ಗಣಿತದ ಓದು ಕಾಣುತ್ತದೆ.

ಪದವಿಯ ಬಳಿಕ ಅವರು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಕೆಲಕಾಲ ಕೆಲಸ ಮಾಡಿದರು. ಕರ್ನಾಟಕದ ಮಣ್ಣಿಗೆ ಅವರ ಮೊದಲ ಪರಿಚಯ ಆದದ್ದು ಹೀಗೆ. ಅಲ್ಲಿಂದ ಅಮೆರಿಕಕ್ಕೆ ತೆರಳಿ, 1947ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಎಂ.ಎಸ್. ಪದವಿ ಪಡೆದು, ಕ್ಯಾಲಿಫೋರ್ನಿಯಾದ ಪಸಡೀನಾ ನಗರದ ಕ್ಯಾಲ್‌ಟೆಕ್ ಸೇರಿದರು. ಅದೇ ವರ್ಷ ಅವರು ಓದಿದ ಲಾಹೋರು ಬೇರೊಂದು ದೇಶಕ್ಕೆ ಸೇರಿಹೋಯಿತು.

ಕ್ಯಾಲ್‌ಟೆಕ್‌ನಲ್ಲಿ ಆಗ ವೈಮಾನಿಕ ವಿಜ್ಞಾನದ ಸುಗ್ಗಿ. ಪ್ರಾಂಟಲ್ ಅವರ ಶಿಷ್ಯ ಥಿಯೋಡರ್ ಫಾನ್ ಕಾರ್ಮನ್ ಕಟ್ಟಿ ಬೆಳೆಸಿದ ಪ್ರಯೋಗಾಲಯವದು. 1947ರ ಅಕ್ಟೋಬರ್‌ನಲ್ಲಿ ಅದೇ ಕ್ಯಾಲಿಫೋರ್ನಿಯಾದ ಮರುಭೂಮಿಯ ಮೇಲೆ ಚಕ್ ಯೇಗರ್ ಶಬ್ದದ ವೇಗವನ್ನು ಮೀರಿ ವಿಮಾನ ಹಾರಿಸಿದ್ದರು. ಶಬ್ದಕ್ಕಿಂತ ವೇಗವಾಗಿ ಸಾಗುವಾಗ ವಿಮಾನದ ಮೈಮೇಲೆ ಗಾಳಿ ಹೇಗೆ ವರ್ತಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಬಲ್ಲವರು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಒಬ್ಬರು ಹಾನ್ಸ್ ಲೀಪ್‌ಮನ್. ಬರ್ಲಿನ್‌ನಲ್ಲಿ ಹುಟ್ಟಿ, ಜ್ಯೂರಿಕ್‌ನಲ್ಲಿ ಓದಿ, 1939ರಲ್ಲಿ ಕ್ಯಾಲ್‌ಟೆಕ್‌ಗೆ ಬಂದ ಭೌತವಿಜ್ಞಾನಿ. ಧವನ್ ಅವರಿಗೆ ಗುರುವಾಗಿ ದೊರೆತವರು ಇವರೇ.

ಎಂಜಿನಿಯರಿಂಗ್ ಪದವಿ ಪಡೆದವನೊಬ್ಬ ಸ್ನಾತಕೋತ್ತರ ಮಟ್ಟದ ಫ್ಲೂಯಿಡ್ ಮೆಕ್ಯಾನಿಕ್ಸ್ ತರಗತಿಯಲ್ಲಿ ಕುಳಿತಾಗ ಏನಾಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಪದವಿ ತರಗತಿಯಲ್ಲಿ ಕಲಿಯುವುದು ಬಹುಮಟ್ಟಿಗೆ ಸೂತ್ರಗಳನ್ನು. ಕಾಲುವೆಯ ಅಗಲ, ಆಳ, ಇಳಿಜಾರು ಗೊತ್ತಿದ್ದರೆ ಮ್ಯಾನಿಂಗ್ ಸೂತ್ರ ಹಾಕಿ ನೀರಿನ ವೇಗ ಕಂಡುಹಿಡಿಯಬಹುದು. ಸೂತ್ರದಲ್ಲಿ ಒಂದು ಗುಣಾಂಕ ಇರುತ್ತದೆ. ಕಲ್ಲುಕಟ್ಟಡದ ಕಾಲುವೆಗೆ ಇಷ್ಟು, ಮಣ್ಣಿನ ಕಾಲುವೆಗೆ ಇಷ್ಟು ಎಂದು ಕೋಷ್ಟಕ ನೋಡಿ ತೆಗೆದುಕೊಂಡರಾಯಿತು. ಆ ಅಂಕಿ ಎಲ್ಲಿಂದ ಬಂತು ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಸ್ನಾತಕೋತ್ತರ ತರಗತಿ ಶುರುವಾಗುವುದೇ ಆ ಪ್ರಶ್ನೆಯಿಂದ. ಕೋಷ್ಟಕವನ್ನು ಮುಚ್ಚಿಟ್ಟು, ನೀರಿನ ಒಂದು ಪುಟ್ಟ ಕಣದ ಮೇಲೆ ನ್ಯೂಟನ್ ನಿಯಮವನ್ನು ಬರೆಯಬೇಕು. ಹಾಗೆ ಬರೆದಾಗ ಹುಟ್ಟುವುದು 19ನೇ ಶತಮಾನದ ನೇವಿಯರ್ ಮತ್ತು ಸ್ಟೋಕ್ಸ್ ಅವರ ಸಮೀಕರಣ. ನೋಡಲು ಒಂದೆರಡು ಸಾಲು. ಬಿಡಿಸಹೊರಟರೆ ಕೆಲವೇ ಸರಳ ಸಂದರ್ಭಗಳಲ್ಲಿ ಹೊರತು ಯಾರ ಕೈಗೂ ಸಿಗದು. ಆದ್ದರಿಂದ ಯಾವ ಪದವನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂದು ವಿವೇಚಿಸುವ ಕಣ್ಣು ಬೇಕು. ಆ ವಿವೇಚನೆಗೆ ಪ್ರಯೋಗವೇ ಸಾಕ್ಷಿ ಹೇಳಬೇಕು. ಪದವಿಯಲ್ಲಿ ಹೆಚ್ಚು ಅಂಕ ಪಡೆದ ಜಾಣರೂ ಈ ತಿರುವಿನಲ್ಲಿ ಎಡವುವುದುಂಟು. ಸೂತ್ರ ಬಾಯಿಪಾಠ ಮಾಡುವ ಜಾಣತನ ಇಲ್ಲಿ ನೆರವಿಗೆ ಬರುವುದಿಲ್ಲ.

ಲೀಪ್‌ಮನ್ ಅವರ ಪಂಥದಲ್ಲಿ ಪ್ರಯೋಗಕ್ಕೆ ಗಣಿತದಷ್ಟೇ ಗೌರವ. ಉಪಕರಣ ಇಲ್ಲವೆಂದರೆ ವಿದ್ಯಾರ್ಥಿಯೇ ತಯಾರಿಸಿಕೊಳ್ಳಬೇಕು. ಧವನ್ ಅವರ ಪಿಎಚ್.ಡಿ. ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಗಾಳಿ ತಗಡಿನ ಮೇಲೆ ಉಜ್ಜುತ್ತ ಸಾಗುವಾಗ ತಗಡನ್ನು ಎಷ್ಟು ಬಲದಿಂದ ಎಳೆಯುತ್ತದೆ ಎಂಬುದನ್ನು ಅಲ್ಲಿಯವರೆಗೆ ಬಹುಪಾಲು ಪರೋಕ್ಷವಾಗಿಯೇ ಲೆಕ್ಕ ಹಾಕುತ್ತಿದ್ದರು. ನೇರವಾಗಿ ಅಳೆಯುವುದು ಕಷ್ಟ, ಏಕೆಂದರೆ ಆ ಬಲ ತೀರ ಸಣ್ಣದು. ಧವನ್ ತಗಡಿನ ಮೈಯಲ್ಲಿ ಒಂದು ಪುಟ್ಟ ಚೂರನ್ನು ಬಿಡಿಯಾಗಿಸಿ, ಸುತ್ತ ಕೂದಲೆಳೆಯಂಥ ಸಂದು ಮಾತ್ರ ಬಿಟ್ಟು, ಅದನ್ನು ಅಡಿಯಿಂದ ಬಾಗಬಲ್ಲ ತೆಳು ಪಟ್ಟಿಗಳ ಮೇಲೆ ನಿಲ್ಲಿಸಿದರು. ಗಾಳಿ ಎಳೆದಾಗ ಆ ಚೂರು ಕಣ್ಣಿಗೆ ಕಾಣದಷ್ಟು ಸರಿಯುತ್ತದೆ. ಸರಿದದ್ದನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ ಅಳೆದರೆ ಎಳೆತದ ಬಲ ದೊರೆಯುತ್ತದೆ. ಹೇಳುವುದು ಸುಲಭ. ಚೂರು ಒಂದಿಷ್ಟು ಮೇಲೆದ್ದರೆ ಅಥವಾ ಕೆಳಗಿಳಿದರೆ ಅಳತೆಯೇ ಸುಳ್ಳು. ಸಂದಿನಲ್ಲಿ ಗಾಳಿ ಸೋರಿದರೂ ಸುಳ್ಳು. ಮೊದಲು ನಿಧಾನ ಗಾಳಿಯಲ್ಲಿ, ಸಿದ್ಧಾಂತದ ಉತ್ತರ ಖಚಿತವಾಗಿ ಗೊತ್ತಿರುವ ಸಂದರ್ಭದಲ್ಲಿ ಉಪಕರಣವನ್ನು ಒರೆಗೆ ಹಚ್ಚಿ, ಅದು ಸರಿ ಹೊಂದಿದ ಬಳಿಕವೇ ಶಬ್ದಾತೀತ ವೇಗಕ್ಕೆ ಹೋದರು. 1951ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. 1953ರಲ್ಲಿ ಅಮೆರಿಕದ ವೈಮಾನಿಕ ಸಲಹಾ ಸಮಿತಿ ನಾಕಾ ಈ ಕೆಲಸವನ್ನು ತನ್ನ ವರದಿಯಾಗಿ ಹೊರತಂದಿತು. ಲೀಪ್‌ಮನ್ ಮತ್ತು ಸಹಪಾಠಿ ಅನಟೋಲ್ ರೋಷ್ಕೊ ಅವರ ಜೊತೆಗೂಡಿ ಆಘಾತ ತರಂಗಗಳು ಅಂಚಿನ ಪದರಕ್ಕೆ ಬಡಿದು ಹಿಮ್ಮರಳುವ ಬಗೆಯನ್ನೂ ಧವನ್ ಅಧ್ಯಯನ ಮಾಡಿದ್ದರು.

ಮಲ್ಲೇಶ್ವರದ ಪಕ್ಕದ ಗಾಳಿಸುರಂಗ

ಇಂಥ ಕೆಲಸ ಮಾಡಿದವರಿಗೆ ಅಮೆರಿಕದಲ್ಲಿ ಆಗ ಕೆಲಸಕ್ಕೆ ಬರವಿರಲಿಲ್ಲ. ಧವನ್ 1951ರಲ್ಲಿಯೇ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಿರಿಯ ವೈಜ್ಞಾನಿಕ ಅಧಿಕಾರಿಯಾಗಿ ಸೇರಿದರು. ಹಳೆಯ ಬೆಂಗಳೂರಿಗರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ 1942ರಲ್ಲಿ, ಯುದ್ಧಕಾಲದಲ್ಲಿ, ಪ್ರಾಂಟಲ್ ಅವರ ಬಳಿಯೇ ಓದಿಬಂದಿದ್ದ ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಆರಂಭವಾಗಿತ್ತು. ಧವನ್ ಬಂದ ವರ್ಷವೇ, ಆ ವೇಳೆಗೆ ಎಚ್‌ಎಎಲ್‌ನಲ್ಲಿದ್ದ ಘಾಟಗೆ ಅವರ ತಂಡ ವಿನ್ಯಾಸಗೊಳಿಸಿದ ಎಚ್‌ಟಿ-2 ತರಬೇತಿ ವಿಮಾನ ಬೆಂಗಳೂರಿನ ಆಕಾಶದಲ್ಲಿ ಹಾರಿತು. ವಿಮಾನ ಕಟ್ಟುವ ಆಸೆಯೇನೋ ದೇಶಕ್ಕಿತ್ತು. ಶಬ್ದಾತೀತ ವೇಗದ ಗಾಳಿಯನ್ನು ಪರೀಕ್ಷಿಸುವ ಒಂದೇ ಒಂದು ಸಾಧನ ಮಾತ್ರ ಎಲ್ಲಿಯೂ ಇರಲಿಲ್ಲ.

ಅದನ್ನು ಧವನ್ ಬೆಂಗಳೂರಿನಲ್ಲೇ ಕಟ್ಟಿದರು. ದೇಶದ ಮೊದಲ ಶಬ್ದಾತೀತ ಗಾಳಿಸುರಂಗ ಎಂಬ ಹೆಗ್ಗಳಿಕೆ ಅದರದು. ಗಾತ್ರ ಅಂಗುಲಗಳಲ್ಲಿ ಅಳೆಯುವಷ್ಟು ಪುಟ್ಟದು. ತತ್ತ್ವ ಸರಳವಾಗಿದೆ: ಗಾಳಿಯನ್ನು ಟ್ಯಾಂಕಿನಲ್ಲಿ ಒತ್ತಿ ತುಂಬಿಡುವುದು; ಕವಾಟ ತೆರೆದಾಗ ಅದು ಮೊದಲು ಕಿರಿದಾಗಿ ಆಮೇಲೆ ಹಿಗ್ಗುವ ಕೊಳವೆಯ ಮೂಲಕ ನುಗ್ಗುತ್ತದೆ. ಕಿರಿದಾದ ಕೊರಳಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟಿ, ಹಿಗ್ಗುವ ಭಾಗದಲ್ಲಿ ಅದನ್ನು ಮೀರುತ್ತದೆ. ಕಾಲುವೆಯ ನೀರನ್ನು ನೋಡಿ ಬೆಳೆದವರಿಗೆ ಇದು ತಲೆಕೆಳಗಾದ ಮಾತೆನಿಸುತ್ತದೆ, ಏಕೆಂದರೆ ಕಾಲುವೆ ಅಗಲವಾದರೆ ನೀರು ನಿಧಾನಿಸುತ್ತದೆ. ಶಬ್ದದ ವೇಗ ದಾಟಿದ ಮೇಲೆ ಗಾಳಿಯ ಸಾಂದ್ರತೆ ವೇಗಕ್ಕಿಂತ ಜೋರಾಗಿ ಕುಸಿಯುವುದರಿಂದ ನಿಯಮ ತಿರುಗುಮುರುಗಾಗುತ್ತದೆ. ಟ್ಯಾಂಕಿನ ಗಾಳಿ ತೀರುವವರೆಗಿನ ಅಲ್ಪ ಸಮಯದೊಳಗೆ ಅಳತೆ, ಛಾಯಾಚಿತ್ರ ಎಲ್ಲವೂ ಮುಗಿಯಬೇಕು. ಪುಸ್ತಕದಲ್ಲಿ ಓದಿದ ಆಘಾತ ತರಂಗವನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣುವಂತಾದದ್ದು ಹೀಗೆ.

ಧವನ್ 1955ರಲ್ಲಿ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು. 14 ಅಡಿ ಅಗಲ 9 ಅಡಿ ಎತ್ತರದ, ನಿಧಾನ ವೇಗದ ದೊಡ್ಡ ಗಾಳಿಸುರಂಗ 1959ರಲ್ಲಿ ಸಂಸ್ಥೆಯಲ್ಲಿ ಸಿದ್ಧವಾಯಿತು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಬೆಂಗಳೂರಿನಲ್ಲಿ ನೆಲೆಗೊಂಡಾಗ ಅಲ್ಲಿ ತಲೆಯೆತ್ತಿದ 1.2 ಮೀಟರ್ ಸುರಂಗದ ಹಿಂದೆಯೂ ಧವನ್ ಅವರ ಅನುಭವವಿತ್ತು. 1967ರಿಂದ ಅದು ಯುದ್ಧವಿಮಾನ, ಕ್ಷಿಪಣಿ, ರಾಕೆಟ್‌ಗಳ ಮಾದರಿಗಳ ಪರೀಕ್ಷೆಗೆ ಒದಗಿ ಬಂದಿದೆ.

ಆ ಕಾಲದ ಸಂಸ್ಥೆಯ ವಾತಾವರಣ ಗಂಭೀರ. ಪ್ರಾಧ್ಯಾಪಕರೆಂದರೆ ದೂರ ನಿಂತು ಕೈಮುಗಿಯುವ ವ್ಯಕ್ತಿ. ಮೂವತ್ತರ ಆಸುಪಾಸಿನ ಧವನ್ ಕ್ಯಾಲಿಫೋರ್ನಿಯಾದ ಸಲಿಗೆಯನ್ನು ತಮ್ಮೊಡನೆ ತಂದಿದ್ದರು. ವಿದ್ಯಾರ್ಥಿಯ ಜೊತೆ ಪ್ರಯೋಗಾಲಯದಲ್ಲಿ ನಿಂತು ಕೆಲಸ ಮಾಡುವುದು, ವಾದ ಮಾಡುವುದು, ವಾದದಲ್ಲಿ ವಿದ್ಯಾರ್ಥಿಯೇ ಸರಿಯಾಗಿದ್ದರೆ ಒಪ್ಪಿಕೊಳ್ಳುವುದು ಅವರ ರೀತಿ.

ಒಬ್ಬ ವಿದ್ಯಾರ್ಥಿ

1953ರಲ್ಲಿ ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಿಂದ, ಅಂದರೆ ಈಗಿನ ಯುವಿಸಿಇಯಿಂದ, ಮೆಕ್ಯಾನಿಕಲ್ ಪದವಿ ಪಡೆದ ಇಪ್ಪತ್ತರ ತರುಣನೊಬ್ಬ ಈ ವಿಭಾಗಕ್ಕೆ ಬಂದ. ಹೆಸರು ರೊದ್ದಂ ನರಸಿಂಹ. ತಂದೆ ಆರ್.ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ಕನ್ನಡದಲ್ಲಿ ವಿಜ್ಞಾನ ಸಾಹಿತ್ಯ ಬೆಳೆಸಿದ ಮೊದಲಿಗರಲ್ಲಿ ಒಬ್ಬರು. ಮನೆಯಲ್ಲಿ ಓದಿಗೆ ಕೊರತೆಯಿರಲಿಲ್ಲ. ಆದರೂ ಹಿರಿಯರ ಅಪೇಕ್ಷೆ ಹುಡುಗ ರೈಲ್ವೆಯಲ್ಲೋ ದೊಡ್ಡ ಕಂಪನಿಯಲ್ಲೋ ಭದ್ರ ನೌಕರಿ ಹಿಡಿಯಲಿ ಎಂಬುದಾಗಿತ್ತು. ಮಧ್ಯಮ ವರ್ಗದ ಆ ಅಪೇಕ್ಷೆಯನ್ನು ತಪ್ಪೆನ್ನಲಾಗದು. ವಿಮಾನ ಕಟ್ಟುವ ಉದ್ಯಮವೇ ಇನ್ನೂ ಕಣ್ಣು ಬಿಡುತ್ತಿದ್ದ ದೇಶದಲ್ಲಿ ವಿಮಾನ ಶಾಸ್ತ್ರ ಓದಿದವನಿಗೆ ಅನ್ನ ಕೊಡುವವರಾರು ಎಂಬುದು ನ್ಯಾಯವಾದ ಪ್ರಶ್ನೆ. ಸಂಸ್ಥೆಯ ವೈಮಾನಿಕ ವಿಭಾಗದ ಅಂಗಳದಲ್ಲಿ ಪ್ರದರ್ಶನಕ್ಕಿಟ್ಟಿದ್ದ ಸ್ಪಿಟ್‌ಫೈರ್ ಯುದ್ಧವಿಮಾನ ನರಸಿಂಹ ಅವರ ಮನಸ್ಸನ್ನು ಸೆಳೆದಿತ್ತು. ಒಳಗೆ ಬಂದ ಮೇಲೆ ಅವರನ್ನು ಹಿಡಿದಿಟ್ಟವರು ಧವನ್.

ಗುರುಶಿಷ್ಯರು ಕೈಗೆತ್ತಿಕೊಂಡ ಪ್ರಶ್ನೆ ಇದು. ಅಂಚಿನ ಪದರದಲ್ಲಿ ಗಾಳಿ ಮೊದಲು ಪದರ ಪದರವಾಗಿ ಶಾಂತವಾಗಿ ಹರಿಯುತ್ತದೆ. ಮುಂದೆ ಸಾಗಿದಂತೆ ಎಲ್ಲೋ ಒಂದು ಕಡೆ ಅದು ಕದಡಿ, ಸುಳಿ ಸುಳಿಯಾಗಿ, ಪ್ರಕ್ಷುಬ್ಧವಾಗುತ್ತದೆ. ಇಂಗ್ಲೆಂಡಿನ ಆಸ್‌ಬರ್ನ್ ರೆನಾಲ್ಡ್ಸ್ 1883ರಲ್ಲಿಯೇ ಗಾಜಿನ ಕೊಳವೆಯ ನೀರಿನೊಳಗೆ ಬಣ್ಣದ ಎಳೆ ಬಿಟ್ಟು ಈ ಬದಲಾವಣೆಯನ್ನು ತೋರಿಸಿದ್ದರು. ವಿಮಾನದ ರೆಕ್ಕೆಯ ಮೇಲೆ, ಟರ್ಬೈನಿನ ಅಲಗಿನ ಮೇಲೆ ಈ ಬದಲಾವಣೆ ಎಲ್ಲಿ ಆಗುತ್ತದೆ, ಎಷ್ಟು ಉದ್ದಕ್ಕೆ ಆಗುತ್ತದೆ ಎಂಬುದರ ಮೇಲೆ ಘರ್ಷಣೆ, ಶಾಖ, ಇಂಧನದ ಖರ್ಚು ನಿಂತಿವೆ. 1951ರಲ್ಲಿ ಹಾರ್ವರ್ಡ್‌ನ ಎಮನ್ಸ್ ಎಂಬ ವಿಜ್ಞಾನಿ, ತೆಳುವಾಗಿ ಹರಿಯುವ ನೀರಿನ ಮೇಲೆ ಪ್ರಕ್ಷುಬ್ಧತೆ ಚುಕ್ಕೆ ಚುಕ್ಕೆಯಾಗಿ ಹುಟ್ಟಿ, ಹಿಗ್ಗಿ, ಒಂದರೊಳಗೊಂದು ಬೆರೆಯುವುದನ್ನು ಕಂಡಿದ್ದರು. ಮಳೆಯ ಮೊದಲ ಹನಿಗಳು ಒಣ ಅಂಗಳದ ಮೇಲೆ ಬಿದ್ದು ಕ್ರಮೇಣ ಇಡೀ ಅಂಗಳ ಒದ್ದೆಯಾಗುವಂತೆ ಎನ್ನಬಹುದು. ನಡುವಿನ ಪ್ರದೇಶದಲ್ಲಿ ಒಂದು ಬಿಂದುವಿನಲ್ಲಿ ನಿಂತು ನೋಡಿದರೆ ಹರಿವು ಕೆಲಹೊತ್ತು ಶಾಂತ, ಕೆಲಹೊತ್ತು ಪ್ರಕ್ಷುಬ್ಧ.

ಆ ಚುಕ್ಕೆಗಳು ತಗಡಿನ ಮೇಲೆ ಎಲ್ಲೆಂದರಲ್ಲಿ ಹುಟ್ಟುತ್ತವೆಯೇ ಎಂಬುದು ಬಗೆಹರಿಯದೆ ಉಳಿದಿತ್ತು. ಬಹುಮಟ್ಟಿಗೆ ಅವು ಒಂದು ನಿರ್ದಿಷ್ಟ ಸ್ಥಾನದ ಸುತ್ತಲೇ ಹುಟ್ಟುತ್ತವೆ ಎಂದು ಭಾವಿಸಿ ಲೆಕ್ಕ ಹಾಕಿದರೆ, ಬೇರೆ ಬೇರೆ ಪ್ರಯೋಗಗಳ ಅಂಕಿಗಳು ಸೂಕ್ತ ಅಳತೆಗೋಲಿನಲ್ಲಿ ಒಂದೇ ಗೆರೆಯ ಮೇಲೆ ಬಂದು ಕೂರುತ್ತವೆ ಎಂದು ಬೆಂಗಳೂರಿನ ಕೆಲಸ ತೋರಿಸಿತು. ಧವನ್ ಮತ್ತು ನರಸಿಂಹ ಅವರ ಈ ಪ್ರಬಂಧ 1958ರಲ್ಲಿ ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪತ್ರಿಕೆ ಆರಂಭವಾಗಿ ಆಗಿನ್ನೂ ಎರಡು ವರ್ಷ. ಸ್ವತಂತ್ರ ಭಾರತದ ಹನ್ನೊಂದನೆಯ ವರ್ಷದಲ್ಲಿ, ಬೆಂಗಳೂರಿನಲ್ಲಿ ಪದವಿ ಓದಿ ಬೆಂಗಳೂರಿನಲ್ಲೇ ಸ್ನಾತಕೋತ್ತರ ಪಾಠ ಕಲಿತ ವಿದ್ಯಾರ್ಥಿಯೊಬ್ಬನ ಹೆಸರು ಗುರುವಿನ ಹೆಸರಿನ ಪಕ್ಕದಲ್ಲಿ ಅಲ್ಲಿ ಅಚ್ಚಾಯಿತು. ಒಳ್ಳೆಯ ವಿಜ್ಞಾನ ಕಲಿಯಬೇಕಾದರೆ ಹಡಗು ಹತ್ತಲೇಬೇಕು ಎಂದು ನಂಬಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ನರಸಿಂಹ ಅವರೂ ಬಳಿಕ ಹಡಗು ಹತ್ತಿದರು ಎಂಬುದು ನಿಜ. ಧವನ್ ಅವರ ಗುರು ಲೀಪ್‌ಮನ್ ಬಳಿಯೇ 1961ರಲ್ಲಿ ಪಿಎಚ್.ಡಿ. ಮುಗಿಸಿ, 1962ರಲ್ಲಿ ಮರಳಿ ಬೆಂಗಳೂರಿಗೇ ಬಂದರು. 2020ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಶಾಸ್ತ್ರದ ಜಗದ್ವಿಖ್ಯಾತರಲ್ಲಿ ಒಬ್ಬರಾಗಿ ಉಳಿದರು.

ಇನ್ನೊಬ್ಬ ಶಿಷ್ಯನ ಕತೆ ಹೆಚ್ಚು ಜನಕ್ಕೆ ಗೊತ್ತು. 1960ರ ಆಸುಪಾಸಿನಲ್ಲಿ ಬೆಂಗಳೂರಿನ ರಕ್ಷಣಾ ಸಂಶೋಧನಾ ಘಟಕವೊಂದರಲ್ಲಿ ನೆಲದಿಂದ ತುಸು ಮೇಲೆ ತೇಲಿ ಸಾಗುವ ಹೋವರ್‌ಕ್ರಾಫ್ಟ್ ವಾಹನ ರೂಪಿಸುತ್ತಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಗೆ, ಒಂದರ ಹಿಂದೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುವ ಜೋಡಿ ಪಂಖದ ವಿನ್ಯಾಸ ತಿಳಿಯದೆ ತೊಡಕಾಯಿತು. ಅವರು ಧವನ್ ಅವರ ಬಳಿ ಹೋದರು. ಧವನ್ ಸಿದ್ಧ ಉತ್ತರ ಕೊಡಲಿಲ್ಲ. ಶನಿವಾರ ಮಧ್ಯಾಹ್ನ ತಮ್ಮಲ್ಲಿಗೆ ಬಂದು ಪಾಠಕ್ಕೆ ಕೂರುವಂತೆ ಹೇಳಿದರು. ಮುಂಚೆ ಓದಿಕೊಂಡು ಬರಬೇಕಾದ ಪುಸ್ತಕಗಳ ಪಟ್ಟಿ ಕೊಟ್ಟರು. ಪ್ರತಿ ಭೇಟಿ ಅವರ ಪ್ರಶ್ನೆಗಳಿಂದ ಶುರುವಾಗುತ್ತಿತ್ತು. ವಾರಗಟ್ಟಲೆ ನಡೆದ ಆ ಒಬ್ಬನೇ ವಿದ್ಯಾರ್ಥಿಯ ತರಗತಿಯ ಕೊನೆಗೆ ಕಲಾಂ ಪಂಖವನ್ನು ತಾವೇ ವಿನ್ಯಾಸ ಮಾಡಬಲ್ಲವರಾದರು. ರಾಷ್ಟ್ರಪತಿಯಾದ ಬಳಿಕವೂ ಅವರು ಇದನ್ನು ಊರೂರಿನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು.

ನಿರ್ದೇಶಕರ ಕುರ್ಚಿ

1962ರಲ್ಲಿ, 42ರ ವಯಸ್ಸಿನಲ್ಲಿ, ಧವನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1981ರವರೆಗೆ ಆ ಸ್ಥಾನದಲ್ಲಿದ್ದರು. ಸಂಸ್ಥೆಯ ಇತಿಹಾಸದಲ್ಲಿ ಅಷ್ಟು ದೀರ್ಘಕಾಲ ನಿರ್ದೇಶಕರಾಗಿದ್ದವರು ಬೇರೆ ಯಾರೂ ಇಲ್ಲ. ಜಿ.ಎನ್. ರಾಮಚಂದ್ರನ್, ಸಿ.ಎನ್.ಆರ್. ರಾವ್, ಮಾಧವ ಗಾಡ್ಗೀಳ್ ಅವರಂಥವರು ಅಲ್ಲಿಗೆ ಬಂದು ಬೇರೂರಿದ್ದು ಈ ಅವಧಿಯಲ್ಲೇ. ಹಳ್ಳಿಗಳ ಅಗತ್ಯಕ್ಕೆ ತಂತ್ರಜ್ಞಾನ ರೂಪಿಸುವ ಅಸ್ತ್ರ ಕೇಂದ್ರ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿತು. ಕುಣಿಗಲ್ ಬಳಿಯ ಉಂಗ್ರದಲ್ಲಿ ಅದರ ಪ್ರಯೋಗಗಳು ನಡೆದವು. ಹಳ್ಳಿಯ ಅಡುಗೆಮನೆಗಳಿಗೆ ಹೊಗೆಯಿಲ್ಲದ ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ಒಲೆಯೊಳಗೆ ಗಾಳಿ ಎಲ್ಲಿ ನುಗ್ಗಿ ಎಲ್ಲಿ ಹೊರಹೋಗಬೇಕು ಎಂಬುದೂ ಹರಿವಿನ ಶಾಸ್ತ್ರವೇ ಅಲ್ಲವೇ!

ಆಡಳಿತದ ಈ ಹೊರೆ ಧವನ್ ಅವರ ಸ್ವಂತ ಸಂಶೋಧನೆಯನ್ನು ಕಿತ್ತುಕೊಂಡಿತು ಎನ್ನದೆ ವಿಧಿಯಿಲ್ಲ. 1958ರ ಪ್ರಬಂಧದಂಥ ಇನ್ನೂ ಕೆಲವು ಅವರಿಂದ ಬರಬಹುದಿತ್ತು. ನಷ್ಟ ಯಾರದು, ಲಾಭ ಯಾರದು ಎಂಬ ಲೆಕ್ಕ ಕಷ್ಟದ್ದು. 1971ರಲ್ಲಿ ಅವರು ನಿರ್ದೇಶಕ ಹುದ್ದೆಯಿಂದ ಒಂದು ವರ್ಷ ಬಿಡುವು ಪಡೆದು ಕ್ಯಾಲ್‌ಟೆಕ್‌ಗೆ ಹೋದದ್ದು ಮತ್ತೆ ಓದು, ಪಾಠ, ಪ್ರಯೋಗಗಳ ನಡುವೆ ಇರುವುದಕ್ಕಾಗಿ. ಆ ವರ್ಷವೂ ಪೂರ್ತಿ ನೆಮ್ಮದಿಯಾಗಿ ಕಳೆಯಲಿಲ್ಲ. ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯ್ ಹಠಾತ್ತನೆ ತೀರಿಕೊಂಡರು. ಬಾಹ್ಯಾಕಾಶ ಕಾರ್ಯಕ್ರಮದ ಚುಕ್ಕಾಣಿ ಹಿಡಿಯುವಂತೆ ಪ್ರಧಾನಿ ಇಂದಿರಾ ಗಾಂಧಿಯವರಿಂದ ಕರೆ ಬಂತು.

ಧವನ್ ಎರಡು ಷರತ್ತು ಹಾಕಿದರು. ಸಂಸ್ಥೆಯ ನಿರ್ದೇಶಕ ಸ್ಥಾನವನ್ನು ಬಿಡುವುದಿಲ್ಲ ಎಂಬುದು ಒಂದು. ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬುದು ಇನ್ನೊಂದು. ಪ್ರಧಾನಿ ಎರಡಕ್ಕೂ ಒಪ್ಪಿದರು. ಕ್ಯಾಲ್‌ಟೆಕ್‌ನ ಕೆಲಸ ಮುಗಿಸಿಕೊಂಡೇ ಬಂದು 1972ರ ಸೆಪ್ಟೆಂಬರ್‌ನಲ್ಲಿ ಅವರು ಅಧಿಕಾರ ವಹಿಸಿಕೊಂಡರು, ಅಲ್ಲಿಯವರೆಗೆ ಎಂ.ಜಿ.ಕೆ. ಮೆನನ್ ಹೊಣೆ ನೋಡಿಕೊಂಡರು. ಇಂದು ಬೆಂಗಳೂರನ್ನು ಬಾಹ್ಯಾಕಾಶದ ರಾಜಧಾನಿಯೆಂದು ಹೆಮ್ಮೆಯಿಂದ ಕರೆಯುವವರು ಆ ಎರಡನೆಯ ಷರತ್ತನ್ನು ನೆನೆಯಬೇಕು. ಉಡುಪಿಯ ಅದಮಾರಿನವರಾದ ಯು.ಆರ್. ರಾವ್ ನೇತೃತ್ವದಲ್ಲಿ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಸಿದ್ಧವಾದ 360 ಕಿಲೋ ತೂಕದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿತು. ಅದೇ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮ ತಲುಪಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳನ್ನು. ಹಂಪಿಯ ಆಚೆ ದಡದ ಗಂಗಾವತಿ, ಕೊಪ್ಪಳಗಳು ಆಗ ರಾಯಚೂರು ಜಿಲ್ಲೆಗೇ ಸೇರಿದ್ದವು. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ 1982ರಲ್ಲಿ ಕೆಲಸ ಆರಂಭಿಸಿದ್ದೂ ಧವನ್ ಅವಧಿಯಲ್ಲಿ.

ಆಗಸ್ಟ್ 10

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ರಾಕೆಟ್ ಮೊದಲ ಸಲ ಮೇಲೆದ್ದಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೈಕೊಟ್ಟು, ಕೆಲವೇ ನಿಮಿಷಗಳಲ್ಲಿ ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನಾ ನಿರ್ದೇಶಕರಾಗಿದ್ದ ಕಲಾಂ ಕುಸಿದು ಹೋಗಿದ್ದರು. ಪತ್ರಕರ್ತರು ಕಾಯುತ್ತಿದ್ದರು. ಧವನ್ ತಾವೇ ಅವರೆದುರು ಕುಳಿತು ಸೋಲಿನ ಹೊಣೆಯನ್ನು ಹೊತ್ತುಕೊಂಡರು, ತಮ್ಮ ತಂಡದ ಮೇಲೆ ಪೂರ್ಣ ವಿಶ್ವಾಸ ವ್ಯಕ್ತಪಡಿಸಿದರು. ಮರುವರ್ಷ ಜುಲೈ 18ರಂದು ಅದೇ ಮಾದರಿಯ ರಾಕೆಟ್ 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನು ಮುಂದೆ ಕಳುಹಿಸಿದರು. ಈ ಪ್ರಸಂಗವನ್ನು ನಾಯಕತ್ವದ ಪಾಠವಾಗಿ ಎಷ್ಟೋ ವೇದಿಕೆಗಳಲ್ಲಿ ಹೇಳಲಾಗಿದೆ. ಕೇಳಿ ಕೇಳಿ ಅದರ ಅಂಚು ಸವೆದಿದೆ ಎಂದರೂ ತಪ್ಪಲ್ಲ. ಆದರೆ ತಗಡಿನ ಸಂದಿನಲ್ಲಿ ಗಾಳಿ ಸೋರಿ ಅಳತೆ ಸುಳ್ಳಾಗುವುದನ್ನು ವರ್ಷಗಟ್ಟಲೆ ಕಂಡಿದ್ದ ಪ್ರಯೋಗಶೀಲ ಮನಸ್ಸಿಗೆ, ಕೆಟ್ಟುಹೋದ ಪ್ರಯೋಗ ಎಂಬುದು ನಾಚಿಕೆಯ ವಿಷಯವಾಗಿ ತೋರಿರಲಿಕ್ಕಿಲ್ಲ. ತಪ್ಪು ಎಲ್ಲಾಯಿತೆಂದು ಹುಡುಕಿ ಮುಂದಿನ ಸಲಕ್ಕೆ ಸಿದ್ಧವಾಗುವುದು ಪ್ರಯೋಗಾಲಯದ ದಿನಚರಿ. ಧವನ್ ಆ ದಿನಚರಿಯನ್ನು ದೇಶದ ಕಣ್ಣೆದುರಿಗೆ ಪಾಲಿಸಿದರು, ಅಷ್ಟೇ.

1981ರಲ್ಲಿ ಪದ್ಮವಿಭೂಷಣ ಬಂತು. 1984ರಲ್ಲಿ ಇಸ್ರೋ ಹೊಣೆಯನ್ನು ಯು.ಆರ್. ರಾವ್ ಅವರಿಗೆ ಒಪ್ಪಿಸಿದ ಬಳಿಕ ಧವನ್ ಮತ್ತೆ ಹರಿಯುವ ಗಾಳಿಯ ಕಡೆಗೆ ತಿರುಗಿದರು. ಶ್ರೀಹರಿಕೋಟಾದ ಪಕ್ಕದಲ್ಲೇ ಪುಲಿಕಾಟ್ ಸರೋವರವಿದೆ. ಚಳಿಗಾಲದಲ್ಲಿ ಅಲ್ಲಿ ರಾಜಹಂಸ, ಹೆಜ್ಜಾರ್ಲೆ ಮೊದಲಾದ ಹಕ್ಕಿಗಳು ಬಂದಿಳಿಯುತ್ತವೆ. ಉಡಾವಣೆಗಳ ನಡುವೆ ಅವುಗಳನ್ನು ನೋಡುತ್ತ ನಿಲ್ಲುವ ಅಭ್ಯಾಸ ಅವರಿಗಿತ್ತು. ರೆಕ್ಕೆ ಬಡಿಯುವಾಗ ಎತ್ತುವ ಬಲವೆಷ್ಟು, ಎಳೆಯುವ ಬಲವೆಷ್ಟು, ದೊಡ್ಡ ಹಕ್ಕಿ ರೆಕ್ಕೆ ಬಡಿಯದೆ ಬಿಸಿಗಾಳಿಯ ಮೇಲೆ ತೇಲುವುದು ಹೇಗೆ ಎಂಬ ಪ್ರಶ್ನೆಗಳನ್ನು ಎತ್ತಿಕೊಂಡು ಹಕ್ಕಿಗಳ ಹಾರಾಟದ ಬಗ್ಗೆ ಅವರು ಬರೆದ ಗ್ರಂಥವನ್ನು ಭಾರತೀಯ ವಿಜ್ಞಾನ ಅಕಾಡೆಮಿ ಹೊರತಂದಿತು.

ಧವನ್ 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷದ ಸೆಪ್ಟೆಂಬರ್ 5ರಂದು, ನಾಡೆಲ್ಲ ಶಿಕ್ಷಕರ ದಿನ ಆಚರಿಸುತ್ತಿದ್ದಾಗ, ಶ್ರೀಹರಿಕೋಟಾದ ಕೇಂದ್ರಕ್ಕೆ ಅವರ ಹೆಸರಿಡಲಾಯಿತು. ಶಾಂತ ಹರಿವು ಪ್ರಕ್ಷುಬ್ಧವಾಗುವ ಬಗೆಗಿನ 1958ರ ಆ ಸೂತ್ರವನ್ನು ಜೆಟ್ ಎಂಜಿನ್ ಮತ್ತು ವಿದ್ಯುತ್ ಸ್ಥಾವರಗಳ ಟರ್ಬೈನ್ ಅಲಗುಗಳನ್ನು ರೂಪಿಸುವ ಎಂಜಿನಿಯರುಗಳು ಇಂದಿಗೂ ತಮ್ಮ ಲೆಕ್ಕಗಳಲ್ಲಿ ಬಳಸುತ್ತಾರೆ. ಅಲ್ಲಿ ಅದು ಗುರು ಮತ್ತು ಶಿಷ್ಯ ಇಬ್ಬರ ಹೆಸರಿನಲ್ಲೂ ಇದೆ.